ಇ-ಸಿಮ್ ಜೊತೆ ಎರಡು ಮಳೆಗಾಲ: ಕಿಸೆಗಳ್ಳನ ಭಯ ಹೋಯಿತು, ಫೋನ್ ಕರೆಯ ಭಯ ಬಂತು

ನಮ್ಮ ಭಾವನ ಫೋನು ಹೋದದ್ದು ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ, ಉಡುಪಿ ಎಕ್ಸ್‌ಪ್ರೆಸ್ ಹತ್ತುವ ನೂಕುನುಗ್ಗಲಲ್ಲಿ. ಫೋನಿಗೆ ಲಾಕ್ ಇತ್ತು, ಸಿಮ್ಮಿಗೆ ಇರಲಿಲ್ಲ. ಕಳ್ಳ ಸಿಮ್ ತೆಗೆದು ಬೇರೆ ಫೋನಿಗೆ ಹಾಕಿ, ಒಟಿಪಿ ತರಿಸಿ ವಾಟ್ಸಾಪ್ ತೆರೆದ. ಭಾವ ಮೂಲ್ಕಿ ಮುಟ್ಟುವ ಮೊದಲೇ ಕುಟುಂಬದ ಗ್ರೂಪಿನಲ್ಲಿ ಅವರ ಹೆಸರಿನಿಂದ ಮೆಸೇಜು: ‘ಅರ್ಜೆಂಟ್ 5000 ಹಾಕಿ’. ಚಿಕ್ಕಮ್ಮ ಹಾಕಿಯೂ ಆಗಿತ್ತು. ವಾಟ್ಸಾಪಿನ ಎರಡು ಹಂತದ ಪಿನ್ ಇದ್ದಿದ್ದರೆ ಅಲ್ಲೇ ನಿಲ್ಲುತ್ತಿತ್ತು, ಆದರೆ ನಮ್ಮಲ್ಲಿ ಅದನ್ನು ಹಾಕಿಟ್ಟವರು ಯಾರು ಮಾರಾಯ್ರೆ?

ಆ ಸಿಟ್ಟಿನಲ್ಲೇ 2023ರ ಮಳೆಗಾಲದಲ್ಲಿ ನನ್ನ ಐಫೋನಿನ ನಂಬರನ್ನು ಇ-ಸಿಮ್ (ತೆಗೆಯುವ ಕಾರ್ಡ್ ಇಲ್ಲದೆ ಫೋನಿನೊಳಗೇ ಇರುವ ಸಿಮ್) ಮಾಡಿಸಿದೆ. ಆ ದಿನ 24 ಗಂಟೆ ಒಂದು ಎಸ್ಸೆಮ್ಮೆಸ್ಸೂ ಇಲ್ಲ. ಕೆಟ್ಟುಹೋಗಿದೆ ಅಂದುಕೊಂಡೆ, ಸಿಮ್ ಬದಲಾದಾಗ ಒಟಿಪಿ ಕಳ್ಳರ ಕೈ ಸೇರದಿರಲಿ ಎಂದು ಬೇಕೆಂದೇ ಹಾಗೆ ತಡೆಯುತ್ತಾರಂತೆ. ಒಳ್ಳೆಯದೇ.

ತೆಗೆಯಲಿಕ್ಕೆ ಸಿಮ್ಮೇ ಇಲ್ಲ ಎನ್ನುವುದು ದೊಡ್ಡ ಸಮಾಧಾನ. ಆದರೆ ಅಷ್ಟಕ್ಕೇ ಬಿಟ್ಟರೆ ಅರ್ಧ ಕೆಲಸ. ಫೋನ್ ಲಾಕ್ ಇರುವಾಗಲೂ ಮೇಲಿನಿಂದ ಕಂಟ್ರೋಲ್ ಸೆಂಟರ್ ಎಳೆದು ಏರ್‌ಪ್ಲೇನ್ ಮೋಡ್ ಒತ್ತಲಿಕ್ಕೆ ಆಗುತ್ತದೆ, ಒತ್ತಿದರೆ ನೆಟ್‌ವರ್ಕ್ ಕಡಿದು ಫೋನು ಹುಡುಕುವುದು ಕಷ್ಟ. ಫೇಸ್ ಐಡಿ ಸೆಟ್ಟಿಂಗ್ಸಿಗೆ ಹೋಗಿ ಲಾಕ್ ಪರದೆಯಲ್ಲಿ ಅದು ಬಾರದ ಹಾಗೆ ಮಾಡಿದೆ. ಒಟಿಪಿ ಪರದೆಯ ಮೇಲೆ ಕಾಣುವುದನ್ನೂ ನಿಲ್ಲಿಸಿದೆ. ಇದು ಮುಖ್ಯ, ಯಾಕೆಂದರೆ ಲಾಕ್ ತೆಗೆಯದೆಯೇ ಓದಲಿಕ್ಕೆ ಸಿಕ್ಕಿದರೆ ಸಿಮ್ ಒಳಗಿದ್ದರೆಷ್ಟು, ಹೊರಗಿದ್ದರೆಷ್ಟು? ಹೆಂಡತಿಯ ಆಂಡ್ರಾಯ್ಡಿನಲ್ಲಿ ಯಾರಾದರೂ ಕೈಯಿಂದ ಕಿತ್ತು ಓಡಿದರೆ ತಾನೇ ಲಾಕ್ ಆಗುವ ವ್ಯವಸ್ಥೆ ಉಂಟು, ಅದನ್ನು ಹಾಕಿಕೊಟ್ಟೆ. ಪರೀಕ್ಷೆ ಮಾಡಲಿಕ್ಕೆ ಅವಳು ಬಿಡಲಿಲ್ಲ.

ಸಿಮ್ಮಿಗೇ ಹಾಕುವ ಲಾಕ್, ಅಂದರೆ ಸಿಮ್ ಪಿನ್, ಇ-ಸಿಮ್ಮಿಗೂ ಹಾಕಬಹುದು. ಕಂಪನಿಯ ಮೂಲ ಪಿನ್ ಯಾವುದೆಂದು ಮೊದಲು ಕೇಳಿಕೊಳ್ಳಿ, ಅಂದಾಜಿಗೆ ಒತ್ತಬೇಡಿ. ಮೂರು ಸಲ ತಪ್ಪಿದರೆ 8 ಅಂಕೆಯ ಪಿಯುಕೆ (ಸಿಮ್ ಲಾಕ್ ಬಿಡಿಸುವ ಕೋಡು) ಕೇಳುತ್ತದೆ, ಅದೂ ಹತ್ತು ಸಲ ತಪ್ಪಿದರೆ ಆ ಸಿಮ್ಮಿನ ಕಥೆ ಮುಗಿಯಿತು. ಇದರಲ್ಲೊಂದು ಕಿರಿಕಿರಿಯೂ ಉಂಟು: ರಾತ್ರಿ ಅಪ್‌ಡೇಟ್ ಆಗಿ ಫೋನು ತಾನೇ ರೀಸ್ಟಾರ್ಟ್ ಆದರೆ ಪಿನ್ ಒತ್ತುವವರೆಗೆ ನೆಟ್‌ವರ್ಕೇ ಇಲ್ಲ. ಒಂದು ಬೆಳಿಗ್ಗೆ ಎಂಟೂವರೆವರೆಗೆ ನಾನು ಊರಿಗೆಲ್ಲ ‘ಸ್ವಿಚ್ ಆಫ್’ ಆಗಿದ್ದೆ.

ನಿಜವಾದ ಪಜೀತಿ ಎರಡನೇ ವರ್ಷ. ಕಂಕನಾಡಿ ಮಾರ್ಕೆಟಿನ ಮಳೆಯಲ್ಲಿ ನೆನೆದು ಫೋನು ಸತ್ತಿತು. ಹಳೆಯ ಸಿಮ್ ಆಗಿದ್ದರೆ ಮನೆಯ ಹಳೆಯ ಫೋನಿಗೆ ಹಾಕಿ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು. ಮಳಿಗೆಗೆ ಹೋದರೆ ‘ಅದೇ ನಂಬರಿನಿಂದ ಎಸ್ಸೆಮ್ಮೆಸ್ ಕಳಿಸಿ ಸಾರ್’ ಅಂದರು. ಸತ್ತ ಫೋನನ್ನು ಕೌಂಟರಿನ ಮೇಲಿಟ್ಟೆ, ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಮೂರನೇ ಸಲ ಹೋದಾಗ ಆಧಾರಿನ ಹೆಬ್ಬೆರಳು ಒತ್ತಿಸಿ ಮಾಡಿಕೊಟ್ಟರು. ಈ ಕಾರಣಕ್ಕೆ ಇ-ಸಿಮ್ಮಿಗೆ ಕೊಡುವ ರೇಟಿಂಗಿನಲ್ಲಿ ಒಂದು ಸ್ಟಾರ್ ಕಳೆದಿದ್ದೇನೆ.

ಇನ್ನೊಂದು ಸ್ಟಾರ್ ಕಳೆಯಬೇಕೋ ಬೇಡವೋ ಗೊತ್ತಿಲ್ಲ, ತಪ್ಪು ತಂತ್ರಜ್ಞಾನದ್ದಲ್ಲ. ಇ-ಸಿಮ್ಮನ್ನು ಫೋನಿಗೆ ಇಳಿಸುವ ಕ್ಯೂಆರ್ ಕೋಡು ಯಾರ ಕೈ ಸೇರುತ್ತದೋ ನಂಬರು ಅವರದು. ಅದಕ್ಕೇ ಈಗಿನ ಕಳ್ಳ ಬಸ್‌ಸ್ಟ್ಯಾಂಡಿಗೆ ಬರುವುದಿಲ್ಲ, ಫೋನ್ ಮಾಡುತ್ತಾನೆ. ಅಮ್ಮನಿಗೂ ಬಂತು: ‘ಸಿಮ್ ಬಂದ್ ಆಗುತ್ತದೆ, ಇ-ಸಿಮ್ ಮಾಡಿಕೊಡುತ್ತೇವೆ, ಬಂದ ಮೆಸೇಜಿಗೆ ಒಪ್ಪಿಗೆ ಕೊಡಿ’. ಕೊಟ್ಟಿದ್ದರೆ ಅಮ್ಮನ ಫೋನಿನ ಸಿಗ್ನಲ್ ಹೋಗಿ, ಎಸ್ಸೆಮ್ಮೆಸ್ ತಡೆ ಮುಗಿದ ಮೇಲೆ ಬ್ಯಾಂಕಿನ ಒಟಿಪಿಯೆಲ್ಲ ಅವನಿಗೆ. ಅಮ್ಮ ‘ಮಗ ಬಂದ ಮೇಲೆ ಮಾಡಿ’ ಎಂದು ಇಟ್ಟರು. ನೀವು ಸಿಮ್ ಬದಲಿಸಲು ಕೇಳದೆಯೇ ಸಿಗ್ನಲ್ ಪೂರ್ತಿ ಮಾಯವಾದರೆ ಮಳೆಯ ಮೇಲೆ ಹಾಕಿ ಕೂರಬೇಡಿ. ಬೇರೆ ಫೋನಿನಿಂದ ಕಂಪನಿಗೂ ಬ್ಯಾಂಕಿಗೂ ತಿಳಿಸಿ, ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಫೋನೇ ಕಳೆದರೆ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಐಎಂಇಐ (ಫೋನಿನ ಗುರುತಿನ ಸಂಖ್ಯೆ) ಬ್ಲಾಕ್ ಮಾಡಿಸಬಹುದು. ನಿಮ್ಮ ಹೆಸರಲ್ಲಿ ಎಷ್ಟು ನಂಬರು ಉಂಟೆಂದೂ ಅಲ್ಲೇ ಕಾಣುತ್ತದೆ.

ಅಮ್ಮನಿಗೆ ಮಾತ್ರ ಇ-ಸಿಮ್ ಮಾಡಿಸಲಿಲ್ಲ. ಮೂವತ್ತು ವರ್ಷ ಬೀಡಿ ಕಟ್ಟಿ ಸವೆದ ಹೆಬ್ಬೆರಳು, ಯಂತ್ರ ಓದುವುದೇ ಇಲ್ಲ. ನಾಳೆ ಫೋನು ಹಾಳಾದರೆ ಮಳಿಗೆಯಲ್ಲಿ ಎಂತ ಒತ್ತುವುದು? ಹಳೆಯ ಸಿಮ್ಮಿಗೇ ಪಿನ್ ಹಾಕಿಕೊಟ್ಟೆ. ಅದನ್ನು ಅವರು ಅಕ್ಕಿ ಡಬ್ಬದ ಮುಚ್ಚಳದ ಒಳಗೆ ಬರೆದಿಟ್ಟಿದ್ದಾರೆ. ಅಲ್ಲಿವರೆಗೆ ಬರುವ ಕಳ್ಳ ಎರಡು ಸೇರು ಕುಚ್ಚಲಕ್ಕಿಯನ್ನೂ ಒಯ್ಯಲಿ ಅನ್ನುತ್ತಾರೆ.