ತಿಂಗಳಿಗೊಂದು ಕ್ಯಾಸೆಟ್: ಬ್ಯಾಂಡ್‌ಕ್ಯಾಂಪ್ ಬಳಸಿ ನೋಡಿದ ಮೇಲೆ

ಪ್ರತಿ ತಿಂಗಳ ಕೊನೆಯ ಭಾನುವಾರ, ಆ ತಿಂಗಳಲ್ಲಿ ಮನಸ್ಸಿಗೆ ಹತ್ತಿದ ಹನ್ನೆರಡೋ ಹದಿಮೂರೋ ಹಾಡುಗಳನ್ನು ಆರಿಸಿ, 60 ನಿಮಿಷ ಮೀರದಂತೆ ಜೋಡಿಸಿ, ಪೆನ್‌ಡ್ರೈವ್ ಒಂದಕ್ಕೆ ತುಂಬಿಡುವುದು ನನ್ನ ರೂಢಿ. ಮನೆಯಲ್ಲಿ ಇದಕ್ಕೆ ಇಂದಿಗೂ ‘ತಿಂಗಳ ಕ್ಯಾಸೆಟ್’ ಎಂದೇ ಹೆಸರು. 60 ನಿಮಿಷದ ಮಿತಿಯೂ ಹಳೆಯ ಕ್ಯಾಸೆಟ್ಟಿನಿಂದಲೇ ಬಂದದ್ದು: ಒಂದು ಮಗ್ಗುಲಿಗೆ 30 ನಿಮಿಷ, ತಿರುಗಿಸಿ ಹಾಕಿದರೆ ಇನ್ನೊಂದು 30. ಇದರಲ್ಲಿ ಸಿನಿಮಾ ಹಾಡುಗಳು ಇರುವುದಿಲ್ಲ. ದೊಡ್ಡ ಕಂಪನಿಗಳ ಬೆಂಬಲವಿಲ್ಲದೆ ತಾವೇ ಹಾಡಿ, ತಾವೇ ಧ್ವನಿಮುದ್ರಿಸಿ, ತಾವೇ ಮಾರುವವರ ಹಾಡುಗಳಷ್ಟೇ ಇರುತ್ತವೆ. ಆಫ್ರಿಕಾದ ಮಾಲಿ ದೇಶದ ತಂತಿವಾದ್ಯದ ಪಕ್ಕದಲ್ಲಿ ಬೆಂಗಳೂರಿನ ಗಿಟಾರು, ಅದರ ಪಕ್ಕದಲ್ಲಿ ಯಾವುದೋ ಹಿಮದೂರಿನ ಪಿಯಾನೊ ಕುಳಿತಿರುತ್ತದೆ. ಈ ಹಾಡುಗಳಲ್ಲಿ ಹೆಚ್ಚಿನವನ್ನು ನಾಲ್ಕು ವರ್ಷಗಳಿಂದ ಬ್ಯಾಂಡ್‌ಕ್ಯಾಂಪ್ ಎಂಬ ತಾಣದಿಂದ ಕೊಂಡುಕೊಳ್ಳುತ್ತಿದ್ದೇನೆ. ತಿಂಗಳಿಗೊಂದು ಮಿಕ್ಸ್ ಮಾಡಬೇಕೆನ್ನುವ ಕೇಳುಗನಿಗೆ, ಅದರಲ್ಲಿಯೂ ಕೊಡಗಿನಂಥ ಊರಿನಲ್ಲಿ ಕುಳಿತವನಿಗೆ, ಅದು ಎಷ್ಟು ಒದಗುತ್ತದೆ ಎಂಬುದಷ್ಟೇ ಈ ಬರಹದ ವಿಷಯ.

ಮೊದಲಿಗೆ ಮಳೆಯ ಮಾತನ್ನು ಹೇಳಲೇಬೇಕು. ಮಡಿಕೇರಿಯ ಸುತ್ತಮುತ್ತ ಜೂನ್‌ನಿಂದ ಆಗಸ್ಟ್‌ವರೆಗೆ ಮರ ಬಿದ್ದು ವಿದ್ಯುತ್ ತಂತಿ ಹರಿದರೆ ಎರಡು ಮೂರು ದಿನ ಕರೆಂಟು ಬಾರದಿರುವುದು ಹೊಸದೇನಲ್ಲ. ಟವರಿನ ಬ್ಯಾಟರಿ ಮುಗಿದ ಕೂಡಲೇ ಮೊಬೈಲಿನ ಸಿಗ್ನಲ್ಲೂ ಹೋಗುತ್ತದೆ. ಅಂಥ ಸಂಜೆಗಳಲ್ಲಿ ಅಂತರ್ಜಾಲದಿಂದ ಹರಿದು ಬರುವ ಹಾಡು ಇದ್ದೂ ಇಲ್ಲದಂತೆ. ತಿಂಗಳಿಗಿಷ್ಟು ಬಾಡಿಗೆ ಕೊಟ್ಟು ಕೇಳುವ ಸೇವೆಯೊಂದರಲ್ಲಿ ನಾನು ಹಿಂದೆ ಎರಡು ವರ್ಷ ಪಟ್ಟಿಗಳನ್ನು ಕಟ್ಟಿಟ್ಟಿದ್ದೆ. ಒಂದು ದಿನ ತೆರೆದು ನೋಡಿದರೆ ಹಳೆಯ ಪಟ್ಟಿಯೊಂದರಲ್ಲಿ ಆರು ಹಾಡುಗಳ ಹೆಸರು ಮಾಸಿದ ಬಣ್ಣಕ್ಕೆ ತಿರುಗಿದ್ದವು. ಹಕ್ಕಿನ ಒಪ್ಪಂದ ಮುಗಿದಿತ್ತೋ ಏನೋ, ಅವು ಅಲ್ಲಿಂದ ಹೊರಟುಹೋಗಿದ್ದವು. ಆ ತಿಂಗಳು ನಮ್ಮ ತೋಟದಲ್ಲಿ ಹೂಮಳೆ, ಅಂದರೆ ಕಾಫಿಯ ಹೂವರಳಿಸುವ ಮಳೆ, ಬಿದ್ದ ವಾರ ನಾನು ಏನು ಕೇಳುತ್ತಿದ್ದೆ ಎಂಬುದರ ಅರ್ಧ ನೆನಪು ಅವುಗಳೊಂದಿಗೆ ಹೋಯಿತು. ಹಾಡು ಕೈಯಲ್ಲಿ ಕಡತವಾಗಿ (ಫೈಲ್ ಆಗಿ) ಇರಬೇಕು ಎಂದು ನಾನು ತೀರ್ಮಾನಿಸಿದ್ದು ಅಂದೇ.

ಬ್ಯಾಂಡ್‌ಕ್ಯಾಂಪ್ 2008ರಲ್ಲಿ ಅಮೆರಿಕದಲ್ಲಿ ಶುರುವಾದ ತಾಣ. ಇಲ್ಲಿ ಕಲಾವಿದರು ತಮ್ಮ ಪುಟವನ್ನು ತಾವೇ ತೆರೆದು, ಬೆಲೆಯನ್ನು ತಾವೇ ಇಟ್ಟು ಹಾಡು ಮಾರುತ್ತಾರೆ. ಕೆಲವರು ಕನಿಷ್ಠ ಬೆಲೆಯೊಂದನ್ನು ಇಟ್ಟು ಅದಕ್ಕಿಂತ ಹೆಚ್ಚು ಕೊಡುವವರಿಗೆ ದಾರಿ ತೆರೆದಿಡುತ್ತಾರೆ. ಇನ್ನು ಕೆಲವರು ಬೆಲೆಯನ್ನು ಪೂರ್ತಿ ಕೇಳುಗನಿಗೇ ಬಿಡುತ್ತಾರೆ. ಡಿಜಿಟಲ್ ಮಾರಾಟದಲ್ಲಿ ಕಂಪನಿ ಇಟ್ಟುಕೊಳ್ಳುವುದು 15 ಶೇಕಡಾ. ಮಾರಾಟ ಒಂದು ಮಟ್ಟ ದಾಟಿದ ಕಲಾವಿದರಿಗೆ ಅದು 10ಕ್ಕೆ ಇಳಿಯುತ್ತದೆ. ಇದರ ಮೇಲೆ ಹಣ ಪಾವತಿಯ ಶುಲ್ಕ ಬೇರೆ. ಒಂದೊಂದೇ ಹಾಡನ್ನು ಬಿಡಿಬಿಡಿಯಾಗಿ ಕೊಂಡರೆ ಈ ಶುಲ್ಕದ ಪಾಲು ಹೆಚ್ಚಾಗುವುದರಿಂದ, ಎರಡು ಹಾಡು ಹಿಡಿಸಿದರೂ ಇಡೀ ಆಲ್ಬಮ್ಮನ್ನೇ ಕೊಳ್ಳುವುದು ಹಾಡಿದವರಿಗೆ ಒಳ್ಳೆಯದು. ತಿಂಗಳಿಗೆ ಮೂರು ಆಲ್ಬಮ್ ಎಂದು ನಾನು ಮಿತಿ ಹಾಕಿಕೊಂಡಿದ್ದೇನೆ; ಮಿಕ್ಸಿನ ಉಳಿದ ಜಾಗಕ್ಕೆ ಹಿಂದೆ ಕೊಂಡಿಟ್ಟ ಹಾಡುಗಳು ಬರುತ್ತವೆ, ಮತ್ತು ಅದರಿಂದ ಹಳೆಯ ಆಲ್ಬಮ್ಮುಗಳನ್ನು ಮತ್ತೆ ಮತ್ತೆ ಕೇಳುವ ಅಭ್ಯಾಸವೂ ಬೆಳೆದಿದೆ.

ಹಣ ಕೊಡುವ ವಿಧಾನಕ್ಕೆ ಮಾತ್ರ ಸ್ವಲ್ಪ ಸಿದ್ಧತೆ ಬೇಕು. ಕಾರ್ಡು ಅಥವಾ ಪೇಪಾಲ್ ಮೂಲಕ ಪಾವತಿ ನಡೆಯುತ್ತದೆ. ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ನಮ್ಮ ಕಾರ್ಡುಗಳಲ್ಲಿ ವಿದೇಶಿ ವಹಿವಾಟು ತಾನಾಗಿ ತೆರೆದಿರುವುದಿಲ್ಲ. ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ನಾವೇ ತೆರೆದು ಮಿತಿ ನಿಗದಿ ಮಾಡಬೇಕು. ಕೊಂಡಾದ ಮೇಲೆ ಮತ್ತೆ ಮುಚ್ಚಿಡುವುದು ಕ್ಷೇಮ. ಡಾಲರಿನ ವಿನಿಮಯದ ಮೇಲೆ ಬ್ಯಾಂಕು ಹಾಕುವ ಶುಲ್ಕವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇನ್ನು ಈ ತಾಣವನ್ನು ನಾನು ಮನಸಾರೆ ಮೆಚ್ಚುವ ವಿಷಯಕ್ಕೆ ಬರುತ್ತೇನೆ. ಕೊಂಡ ಹಾಡು ಬೀಗವಿಲ್ಲದ, ಅಂದರೆ ಯಾವ ಸಾಧನದಲ್ಲಾದರೂ ನುಡಿಸಲು ತಡೆಯಿಲ್ಲದ, ಕಡತವಾಗಿ ಸಿಗುತ್ತದೆ, ಮತ್ತು ಯಾವ ರೂಪದಲ್ಲಿ ಬೇಕೆಂದು ನಾವೇ ಆರಿಸಬಹುದು: ಎಂಪಿ3, ಫ್ಲ್ಯಾಕ್, ವೇವ್ ಮುಂತಾದವೆಲ್ಲ ಇವೆ. ಕೇಳುವುದಕ್ಕೆ ಮಾತ್ರವಾದರೆ 320 ಕಿಲೋಬಿಟ್‌ನ ಎಂಪಿ3 ಧಾರಾಳವಾಗಿ ಸಾಕು. ನಾಲ್ಕು ನಿಮಿಷದ ಹಾಡಿಗೆ ಸುಮಾರು 10 ಎಂಬಿ ಆಗುತ್ತದೆ. ಆದರೆ ಮಿಕ್ಸ್ ಮಾಡುವವರು ಫ್ಲ್ಯಾಕ್ ಇಳಿಸಿಕೊಳ್ಳಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಎಂಪಿ3 ಎಂದರೆ ಕಿವಿಗೆ ಅಷ್ಟಾಗಿ ತಿಳಿಯದ ವಿವರಗಳನ್ನು ಕಿತ್ತುಹಾಕಿ ಚಿಕ್ಕದು ಮಾಡಿದ ಕಡತ. ಅದನ್ನು ತೆರೆದು, ತಿದ್ದಿ, ಪುನಃ ಎಂಪಿ3 ಮಾಡಿದರೆ ಕಳೆದುಕೊಂಡದ್ದರಿಂದಲೇ ಮತ್ತಷ್ಟು ಕಳೆಯುತ್ತದೆ, ತಾಳದ ಲೋಹದ ಸದ್ದು ನೀರಿನಲ್ಲಿ ಅದ್ದಿದಂತೆ ಕೇಳತೊಡಗುತ್ತದೆ. ಫ್ಲ್ಯಾಕ್‌ನಲ್ಲಿ ಏನೂ ಕಳೆಯುವುದಿಲ್ಲವಾದ್ದರಿಂದ ಕೆಲಸವೆಲ್ಲ ಅದರಲ್ಲಿ ಮಾಡಿ, ಕೊನೆಗೆ ಒಮ್ಮೆ ಮಾತ್ರ ಎಂಪಿ3 ಮಾಡಿದರೆ ಸಾಕು. ಕಡತ ಎರಡು ಮೂರು ಪಟ್ಟು ದೊಡ್ಡದಾಗುವುದರಿಂದ ನಾನು ಸಿಗ್ನಲ್ ಚೆನ್ನಾಗಿರುವ ಬೆಳಗಿನ ಜಾವದಲ್ಲಿ ಇಳಿಸಿಕೊಳ್ಳುತ್ತೇನೆ. ಒಮ್ಮೆ ಕೊಂಡದ್ದು ನಮ್ಮ ಸಂಗ್ರಹದಲ್ಲಿ ಉಳಿಯುವುದರಿಂದ ಮಧ್ಯೆ ಸಿಗ್ನಲ್ ಹೋದರೂ ಚಿಂತೆಯಿಲ್ಲ, ಇನ್ನೊಮ್ಮೆ ಇಳಿಸಬಹುದು.

ಜೋಡಣೆಗೆ ನಾನು ಬಳಸುವುದು ಆಡಾಸಿಟಿ ಎಂಬ ಉಚಿತ ತಂತ್ರಾಂಶವನ್ನು. ತಾವೇ ಧ್ವನಿಮುದ್ರಿಸಿಕೊಂಡವರ ಹಾಡುಗಳಲ್ಲಿ ಒಂದು ದೊಡ್ಡ ತೊಡಕಿದೆ: ಒಬ್ಬರು ಅಡುಗೆಮನೆಯಲ್ಲಿ ಕುಳಿತು ಮೆಲ್ಲಗೆ ಹಾಡಿರುತ್ತಾರೆ, ಮುಂದಿನವರು ಡ್ರಮ್ಮಿನ ಸದ್ದನ್ನು ಗೋಡೆ ಬಿರಿಯುವಷ್ಟು ಏರಿಸಿರುತ್ತಾರೆ. ಹಾಗೆಯೇ ಜೋಡಿಸಿದರೆ ಕೇಳುವವನ ಕೈ ಸದಾ ವಾಲ್ಯೂಮಿನ ಮೇಲೆಯೇ ಇರಬೇಕಾಗುತ್ತದೆ. ಆಡಾಸಿಟಿಯಲ್ಲಿ ಎಲ್ಲ ಹಾಡುಗಳನ್ನೂ ಒಂದೇ ಸದ್ದಿನ ಮಟ್ಟಕ್ಕೆ ತರುವ ಸೌಲಭ್ಯವಿದೆ. ನಾನು ಮೈನಸ್ 16 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಸದ್ದಿನ ಏರಿಳಿತವನ್ನು ಅಳೆಯುವ ಮಾನ) ಎಂಬ ಮಟ್ಟವನ್ನು ಇಟ್ಟುಕೊಂಡಿದ್ದೇನೆ. ಆದರೂ ಯಂತ್ರದ ಲೆಕ್ಕವನ್ನೇ ಪೂರ್ತಿ ನಂಬಬಾರದು. ಮೆಲುದನಿಯ ಹಾಡನ್ನು ಏರಿಸಿದಾಗ ಅದರ ಹಿಂದಿನ ಕೋಣೆಯ ಸದ್ದೂ ಏರುತ್ತದೆ, ಹಾಡು ತನ್ನ ಸಂಕೋಚವನ್ನು ಕಳೆದುಕೊಳ್ಳುತ್ತದೆ. ಅಂಥದ್ದನ್ನು ನಾನು ಬೇಕೆಂದೇ ಸ್ವಲ್ಪ ತಗ್ಗಿಸಿಯೇ ಇಡುತ್ತೇನೆ.

ಹಾಡುಗಳ ಕ್ರಮವನ್ನು ಪರೀಕ್ಷಿಸಲು ನನ್ನ ಹತ್ತಿರ ಇರುವುದು ಒಂದು ರಸ್ತೆ. ಮಡಿಕೇರಿಯಿಂದ ಕುಶಾಲನಗರಕ್ಕೆ ಸುಮಾರು 30 ಕಿಲೋಮೀಟರ್. ಮಳೆಯಲ್ಲಿ ಜೀಪಿನಲ್ಲಿ ಹೋದರೆ ಹೆಚ್ಚು ಕಡಿಮೆ ಒಂದು ಗಂಟೆ, ಅಂದರೆ ಪೂರ್ತಿ ಒಂದು ಕ್ಯಾಸೆಟ್ಟು. ಸುಂಟಿಕೊಪ್ಪದವರೆಗೆ ತಿರುವುಗಳು, ಮಂಜು, ಎದುರು ಬರುವ ಬಸ್ಸುಗಳು. ಆ ಭಾಗಕ್ಕೆ ಮಾತು ಕಡಿಮೆಯಿರುವ, ತಾಳ ಒಂದೇ ಹದದಲ್ಲಿ ಸಾಗುವ ಹಾಡುಗಳು ಒಪ್ಪುತ್ತವೆ. ಅಲ್ಲಿಂದ ಮುಂದೆ ಇಳಿಜಾರು ಮುಗಿಯುತ್ತ ಬೆಳಕು ಹರಡಿಕೊಂಡಂತೆ, ಎರಡನೆಯ ಮಗ್ಗುಲಿನ ಹಾಡುಗಳು ಬಾಯಿ ತೆರೆದು ಹಾಡಬೇಕು. ಎಂಟನೆಯ ಹಾಡಿನ ಹೊತ್ತಿಗೆ ನನ್ನ ಗಮನ ರಸ್ತೆ ಬದಿಯ ಅಂಗಡಿಗಳ ಕಡೆ ಹೋಯಿತೆಂದರೆ ಆ ಹಾಡು ಅಲ್ಲಿ ಸಲ್ಲದು ಎಂದು ಅರ್ಥ, ಅದು ಎಷ್ಟೇ ಒಳ್ಳೆಯ ಹಾಡಾಗಿರಲಿ. ಒಂದು ಭಾಷೆಯ ಮೂರು ಹಾಡುಗಳು ಒಟ್ಟಿಗೆ ಬರಕೂಡದು, ಒಬ್ಬರ ಎರಡು ಹಾಡುಗಳು ಒಂದೇ ತಿಂಗಳಲ್ಲಿ ಇರಕೂಡದು ಎಂಬ ಎರಡು ನಿಯಮಗಳನ್ನು ಬಿಟ್ಟರೆ ಉಳಿದದ್ದನ್ನೆಲ್ಲ ಆ ರಸ್ತೆಯೇ ತೀರ್ಮಾನಿಸುತ್ತದೆ. ಜೀಪಿನ ಹಳೆಯ ಸ್ಟೀರಿಯೊ ಎಂಪಿ3 ಒಂದನ್ನೇ ಓದುತ್ತದೆ ಮತ್ತು ಹಾಡುಗಳನ್ನು ಕಡತದ ಹೆಸರಿನ ಕ್ರಮದಲ್ಲಿ ನುಡಿಸುತ್ತದೆ. ಅದಕ್ಕಾಗಿ ಪ್ರತಿ ಹೆಸರಿನ ಮುಂದೆ 01, 02 ಎಂದು ಅಂಕಿ ಹಾಕಬೇಕು.

ಹೊಸ ಹಾಡು ಹುಡುಕಲು ಬ್ಯಾಂಡ್‌ಕ್ಯಾಂಪ್‌ನಲ್ಲಿ ಸಂಗೀತದ ಬಗೆ, ವಾದ್ಯ, ಊರು ಮುಂತಾದ ಗುರುತುಪದಗಳಿವೆ. ನನಗೆ ಹೆಚ್ಚು ಫಲ ಕೊಟ್ಟದ್ದು ಇನ್ನೊಂದು ದಾರಿ: ನಮಗೆ ಹಿಡಿಸಿದ ಆಲ್ಬಮ್ಮನ್ನು ಕೊಂಡ ಇತರ ಕೇಳುಗರ ಸಂಗ್ರಹವನ್ನು ತೆರೆದು ನೋಡಬಹುದು. ಮೂರು ಆಲ್ಬಮ್ಮುಗಳಲ್ಲಿ ನನ್ನ ಜೊತೆ ಸರಿಹೊಂದಿದ ಅಪರಿಚಿತ ಕೇಳುಗನ ನಾಲ್ಕನೆಯ ಆಯ್ಕೆ ನನಗೂ ಹಿಡಿಸುವ ಸಂಭವ ಬಹಳ. ಹೀಗೆ ಒಬ್ಬರ ಕಪಾಟಿನಿಂದ ಇನ್ನೊಬ್ಬರ ಕಪಾಟಿಗೆ ಹೋಗುತ್ತ ಎಷ್ಟೋ ರಾತ್ರಿಗಳನ್ನು ಕಳೆದಿದ್ದೇನೆ. ಕೊಳ್ಳುವ ಮೊದಲು ಸಾಮಾನ್ಯವಾಗಿ ಇಡೀ ಹಾಡನ್ನು ಕೇಳಿ ನೋಡಲು ಸಾಧ್ಯವಿದೆ, ಮೂವತ್ತು ಸೆಕೆಂಡಿನ ತುಣುಕಿನಿಂದ ಊಹಿಸಬೇಕಾಗಿಲ್ಲ.

ಆದರೆ ನಮ್ಮ ನೆಲದ ಹಾಡುಗಳನ್ನು ಅರಸಿ ಹೋದವರಿಗೆ ಇಲ್ಲಿ ಸಿಗುವುದು ಅತಿ ಕಡಿಮೆ. ಕನ್ನಡದಲ್ಲಿ ಸ್ವತಂತ್ರವಾಗಿ ಹಾಡುವವರು ಹೆಚ್ಚಾಗಿ ಯೂಟ್ಯೂಬ್‌ನಲ್ಲಿ ಸಿಗುತ್ತಾರೆ. ಕೊಡಗಿನಲ್ಲಿ ಆಡುವ ಕೊಡವ ತಕ್ಕ್, ಅರೆಭಾಷೆಗಳ ಹಾಡುಗಳ ಮಟ್ಟಿಗೂ ಅದೇ ಮಾತು. ಇದು ತಾಣದ ತಪ್ಪಲ್ಲ, ನಮ್ಮವರು ಇನ್ನೂ ಅತ್ತ ಹೋಗಿಲ್ಲ. ಅವರು ಹೋಗಬೇಕೆಂಬುದು ನನ್ನ ಕಳಕಳಿ, ಏಕೆಂದರೆ ಐವತ್ತು ಜನ ಕೊಂಡರೂ ಆ ಹಣದ ದೊಡ್ಡ ಪಾಲು ನೇರವಾಗಿ ಹಾಡಿದವರಿಗೆ ಸೇರುತ್ತದೆ. ಸದ್ಯಕ್ಕೆ ಆ ಕೊರತೆಯನ್ನು ನಾನು ಬೇರೆ ರೀತಿಯಲ್ಲಿ ತುಂಬಿಕೊಳ್ಳುತ್ತಿದ್ದೇನೆ. ಹಿಂದಿನ ಪುತ್ತರಿಯಲ್ಲಿ, ಅಂದರೆ ಕೊಡಗಿನ ಸುಗ್ಗಿ ಹಬ್ಬದಲ್ಲಿ, ಪರಿಚಯದ ಮನೆಯೊಂದರಲ್ಲಿ ನಾಲ್ವರು ದುಡಿ ಎಂಬ ಚಿಕ್ಕ ಚರ್ಮವಾದ್ಯ ಹಿಡಿದು ಹಾಡಿದ್ದನ್ನು ಅವರ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಮುದ್ರಿಸಿಕೊಂಡೆ. ಆ ತಿಂಗಳ ಕ್ಯಾಸೆಟ್ಟಿನಲ್ಲಿ ಅದು ಏಳನೆಯ ಹಾಡು, ಎರಡನೆಯ ಮಗ್ಗುಲಿನ ಮೊದಲನೆಯದು. ಅದರ ಹಿಂದೆ ಒಂದು ನಾಯಿ ಬೊಗಳುವುದೂ ಕೇಳುತ್ತದೆ. ನಾನು ಅದನ್ನು ಅಳಿಸಲಿಲ್ಲ.

ಪಕ್ಕದ ತೋಟದ ಹುಡುಗ ತಿಂಗಳ ಮೊದಲ ವಾರದಲ್ಲಿ ಬಂದು, “ಅಣ್ಣ, ಈ ತಿಂಗಳದ್ದು ಆಯ್ತಾ?” ಎಂದು ಕೇಳುತ್ತಾನೆ. ನಾನು ಅವನಿಗೆ ಪೆನ್‌ಡ್ರೈವ್ ಕೊಡುವುದಿಲ್ಲ. ಜೀಪಿನಲ್ಲಿ ಕೂರಿಸಿಕೊಂಡು ಕೇಳಿಸುತ್ತೇನೆ, ಆಮೇಲೆ ಹಾಡುಗಳ ಪಟ್ಟಿಯನ್ನು ಕೊಂಡಿಗಳ ಸಮೇತ ಕಳುಹಿಸುತ್ತೇನೆ. ಸ್ವಂತ ಬಳಕೆಗೆಂದು ಜೋಡಿಸಿಕೊಳ್ಳುವುದು ಬೇರೆ, ಹತ್ತು ಜನರಿಗೆ ಪ್ರತಿ ಮಾಡಿ ಹಂಚುವುದು ಬೇರೆ. ಎರಡನೆಯದರಲ್ಲಿ ಕಾಯಿದೆಯ ತೊಡಕು ಮಾತ್ರವಲ್ಲ, ಹಾಡಿದವರ ಅನ್ನಕ್ಕೂ ಕೈ ಹಾಕಿದಂತಾಗುತ್ತದೆ. ಯಾರಿಗಾದರೂ ಕೊಡಲೇಬೇಕೆನಿಸಿದರೆ ಇಡೀ ಆಲ್ಬಮ್ಮನ್ನು ಉಡುಗೊರೆಯಾಗಿ ಕಳುಹಿಸುವ ಅನುಕೂಲ ಬ್ಯಾಂಡ್‌ಕ್ಯಾಂಪ್‌ನಲ್ಲೇ ಇದೆ. ಕಳೆದ ವರ್ಷ ಆ ಹುಡುಗನ ಹುಟ್ಟುಹಬ್ಬಕ್ಕೆ ಒಂದನ್ನು ಕಳುಹಿಸಿದೆ.

ಮೊಬೈಲ್ ಆ್ಯಪ್ ಕೊಂಡ ಹಾಡುಗಳನ್ನು ಸಿಗ್ನಲ್ ಇಲ್ಲದಾಗಲೂ ಕೇಳಲು ಬಿಡುತ್ತದೆ. ಮಿಕ್ಸ್ ಮಾಡುವವರಿಗೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಮುಖ್ಯವಾದ ಆತಂಕ ಬೇರೆಯಿದೆ. ಈ ಕಂಪನಿ 2022ರಲ್ಲಿ ವಿಡಿಯೊ ಗೇಮ್ ಕಂಪನಿಯಾದ ಎಪಿಕ್ ಗೇಮ್ಸ್‌ನ ಕೈಗೆ, 2023ರಲ್ಲಿ ಸಂಗೀತದ ಪರವಾನಗಿ ವ್ಯವಹಾರದ ಸಾಂಗ್‌ಟ್ರೇಡರ್‌ನ ಕೈಗೆ ಹೋಯಿತು. ಎರಡನೆಯ ಮಾರಾಟದ ಹೊತ್ತಿನಲ್ಲಿ ಸುಮಾರು ಅರ್ಧದಷ್ಟು ನೌಕರರು ಕೆಲಸ ಕಳೆದುಕೊಂಡರು. ಮಾರಾಟದ ಕ್ರಮ ಇಂದಿಗೂ ಹಾಗೆಯೇ ಉಳಿದಿದೆ ನಿಜ, ಆದರೆ ಎರಡು ವರ್ಷದಲ್ಲಿ ಎರಡು ಸಲ ಯಜಮಾನರು ಬದಲಾದ ಮನೆಯನ್ನು ನಂಬಿ ಸಂಗ್ರಹವನ್ನು ಅಲ್ಲೇ ಬಿಡುವುದು ತರವಲ್ಲ. ಕೊಂಡ ದಿನವೇ ಇಳಿಸಿಕೊಂಡು ಎರಡು ಹಾರ್ಡ್ ಡಿಸ್ಕುಗಳಲ್ಲಿ ಇಡಬೇಕು. ಕೊಡಗಿನವರಿಗೆ ಇನ್ನೊಂದು ಮಾತು: ಒಂದನ್ನು ಅಕ್ಕಿ ಡಬ್ಬಿಯಂಥ ಗಾಳಿಯಾಡದ ಡಬ್ಬಿಯಲ್ಲಿ ಇಡಿ, ಮಳೆಗಾಲದ ತೇವ ಯಾವುದನ್ನೂ ಬಿಡುವುದಿಲ್ಲ.

ಕೊಳ್ಳಲು ಒಳ್ಳೆಯ ದಿನ ಯಾವುದೆಂದು ಕೇಳಿದರೆ, ‘ಬ್ಯಾಂಡ್‌ಕ್ಯಾಂಪ್ ಫ್ರೈಡೇ’. ಕೊರೊನಾ ಶುರುವಾದ 2020ರ ಮಾರ್ಚ್ 20ರಂದು ಮೊದಲ ಬಾರಿಗೆ ಕಂಪನಿ ತನ್ನ ಪಾಲನ್ನು ಒಂದು ದಿನ ಬಿಟ್ಟುಕೊಟ್ಟಿತು. ಆಮೇಲೆ ವರ್ಷದ ಕೆಲವು ಆಯ್ದ ಶುಕ್ರವಾರಗಳಲ್ಲಿ ಅದು ಮುಂದುವರಿದಿದೆ. ದಿನದ ಲೆಕ್ಕ ಅಮೆರಿಕದ ಪಶ್ಚಿಮ ಕರಾವಳಿಯ ಗಡಿಯಾರದ ಪ್ರಕಾರವಾದ್ದರಿಂದ ನಮಗೆ ಅದು ಶುಕ್ರವಾರ ಮಧ್ಯಾಹ್ನ 12.30ಕ್ಕೆ, ಅವರ ಚಳಿಗಾಲವಾದರೆ 1.30ಕ್ಕೆ, ಆರಂಭವಾಗಿ ಶನಿವಾರ ಅದೇ ಹೊತ್ತಿಗೆ ಮುಗಿಯುತ್ತದೆ. ಮಡಿಕೇರಿಯ ಸಂತೆಯೂ ಶುಕ್ರವಾರವೇ. ತರಕಾರಿ ಚೀಲವನ್ನು ಮನೆಯಲ್ಲಿಳಿಸಿ, ಊಟ ಮುಗಿಸಿ, ತಿಂಗಳಿಡೀ ಬರೆದಿಟ್ಟುಕೊಂಡ ಚೀಟಿಯನ್ನು ಮುಂದಿಟ್ಟುಕೊಂಡು ಕುಳಿತರೆ ಮೂರು ಆಲ್ಬಮ್ ಆರಿಸಲು ಸಂಜೆಯವರೆಗೆ ಬೇಕಾಗುತ್ತದೆ. ಕಕ್ಕಡದ (ಜುಲೈ-ಆಗಸ್ಟ್‌ನಲ್ಲಿ ಬರುವ ಕೊಡವ ತಿಂಗಳು) ಕ್ಯಾಸೆಟ್ಟಿಗೆಂದು ಈಗ ಚೀಟಿಯಲ್ಲಿ ಐದು ಹೆಸರುಗಳಿವೆ, ಎರಡನ್ನು ಹೊಡೆದುಹಾಕಬೇಕಾಗಿದೆ.