ಜೆಟ್ ಕಿಟ್ ರಿವ್ಯೂ: ಝೆಡ್400 ಎಟಿವಿಗೆ ಹಾಕಿ ಒಂದು ವರ್ಷ ಓಡಿಸಿದ ಮೇಲೆ

ನನ್ನ ಹತ್ರ ಇರೋದು ನಾಲ್ಕು ಚಕ್ರದ ಎಟಿವಿ, ಸುಜುಕಿ ಎಲ್‌ಟಿ-ಝೆಡ್400, ಕಾರ್ಬ್ಯುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸೋ ಭಾಗ) ಇರೋ ಹಳೇ ಮಾಡೆಲ್ಲು. 2009ರಿಂದ ಇದಕ್ಕೆ ಫ್ಯುಯೆಲ್ ಇಂಜೆಕ್ಷನ್ ಬಂತು, ಹಾಗಾಗಿ ಅದಾದ್ಮೇಲಿನ ಗಾಡಿ ಇಟ್ಕೊಂಡಿರೋರಿಗೆ ಜೆಟ್ ಕಿಟ್ಟು, ಅಂದ್ರೆ ಕಾರ್ಬಿನ ಪೆಟ್ರೋಲ್ ಅಳತೆ ಬದಲಾಯಿಸೋ ಸಾಮಾನಿನ ಸೆಟ್ಟು, ಉಪಯೋಗಕ್ಕೆ ಬರಲ್ಲ. ಹಳೇದ್ರಲ್ಲಿ ಬರೋದು ಮಿಕುನಿ ಕಂಪನಿಯ ಬಿಎಸ್‌ಆರ್ 36 ಎಂಎಂ ಕಾರ್ಬು. ಕಿಟ್ ಕಂಪನಿ ಹೆಸರು ಹಾಕ್ತಿಲ್ಲ, ಕಂಪನಿಗಿಂತ ಇಂಥ ಕಿಟ್ ತಗೊಂಡ್ರೆ ಏನು ಸಿಗತ್ತೆ ಏನು ಸಿಗಲ್ಲ ಅನ್ನೋದೇ ಇಲ್ಲಿ ಮುಖ್ಯ.

ಮೊದಲು ಯಾಕೆ ತಗೊಂಡೆ ಅಂತ ಹೇಳ್ಬಿಡ್ತೀನಿ. ಸೈಲೆನ್ಸರ್ ಚೇಂಜ್ ಮಾಡಿದ್ದೆ, ಏರ್‌ಬಾಕ್ಸ್ (ಏರ್ ಫಿಲ್ಟರ್ ಇರೋ ಡಬ್ಬ) ಮುಚ್ಚಳದಲ್ಲಿ 3 ಇಂಚಿಗೆ 3 ಇಂಚು ತೂತು ಕೊಯ್ದಿದ್ದೆ, ಎಲ್ಲರೂ ಮಾಡೋ ಮಾಡಿಫಿಕೇಶನ್ನೇ ಅದು. ಸೌಂಡ್ ಚೆನ್ನಾಗ್ ಬಂತು, ಆದ್ರೆ ಗಾಡಿ ಮೊದಲಿಗಿಂತ ಮಂಕಾಯ್ತು. ಥ್ರಾಟಲ್ ಬಿಟ್ಟ ತಕ್ಷಣ ಸೈಲೆನ್ಸರಲ್ಲಿ ಪಟಪಟ ಅನ್ನೋದು, ಆರ್‌ಪಿಎಂ ಕೆಳಗಿಳಿಯೋಕೆ ಎರಡು ಮೂರು ಸೆಕೆಂಡ್ ತಗೊಳ್ಳೋದು, ಹೆಬ್ಬೆರಳು ಜೋರಾಗಿ ಒತ್ತಿದ್ರೆ ಒಂದ್ ಗಳಿಗೆ ಉಸಿರು ಕಟ್ಟಿದ ಹಾಗಾಗಿ ಆಮೇಲೆ ಎಳೆಯೋದು. ಗಾಳಿ ಜಾಸ್ತಿ ಹೋಗ್ತಿದೆ, ಪೆಟ್ರೋಲ್ ಮೊದಲಿನಷ್ಟೇ ಇದೆ, ಅಂದ್ರೆ ಮಿಕ್ಸ್ಚರ್ ಲೀನ್ ಆಗಿದೆ. ಹೀಗೇ ಫುಲ್ ಥ್ರಾಟಲಲ್ಲಿ ಓಡಿಸ್ತಾ ಹೋದ್ರೆ ಪಿಸ್ಟನ್ ತಲೆ ಕರಗೋವರೆಗೂ ಹೋಗ್ಬಹುದು, ಅದಕ್ಕೇ ಭಯ ಆಗಿ ಕಿಟ್ ತರಿಸ್ದೆ.

ಡಬ್ಬದಲ್ಲಿ ಬಂದಿದ್ದು ನಾಲ್ಕು ಮೈನ್ ಜೆಟ್ (ಜೆಟ್ ಅಂದ್ರೆ ಪೆಟ್ರೋಲ್ ಹಾಯೋ ಸಣ್ಣ ತೂತಿನ ಹಿತ್ತಾಳೆ ತುಂಡು), ಕಮ್ಮಿ ಥ್ರಾಟಲಿಗೆ ಒಂದು ಪೈಲಟ್ ಜೆಟ್, ಐದು ಗ್ರೂವ್ ಇರೋ ನೀಡಲ್ಲು (ಪೆಟ್ರೋಲ್ ದಾರೀಲಿ ಕೂರೋ ಸೂಜಿ) ಅದರ ಕ್ಲಿಪ್ಪು, ಆ ನೀಡಲ್ ಹೊತ್ತು ಮೇಲೆ ಕೆಳಗೆ ಆಡೋ ಸ್ಲೈಡಿಗೆ ಒಂದು ಮೆತ್ತನೆ ಸ್ಪ್ರಿಂಗು, ಎರಡು ಡ್ರಿಲ್ ಬಿಟ್ಟು, ಒಂದು ಹಾಳೆ ಇನ್‌ಸ್ಟ್ರಕ್ಷನ್ನು. ನನ್ನ ಪ್ರಕಾರ ಇದ್ರಲ್ಲಿ ನಿಜವಾದ ಬೆಲೆ ಇರೋದು ಆ ನೀಡಲ್‌ಗೆ. ನನ್ನ ಗಾಡೀಲಿದ್ದ ಸ್ಟಾಕ್ (ಕಂಪನಿಯಿಂದಲೇ ಬಂದ) ನೀಡಲಲ್ಲಿ ಕ್ಲಿಪ್ ಕೂರೋಕೆ ಒಂದೇ ಜಾಗ, ಮೇಲೆ ಕೆಳಗೆ ಮಾಡೋ ಹಾಗೇ ಇಲ್ಲ, ಕೆಲವರು ತೆಳು ವಾಷರ್ ಹಾಕಿ ಎತ್ತರಿಸ್ತಾರೆ. ಕಿಟ್ ನೀಡಲಲ್ಲಿ ಕ್ಲಿಪ್ ಒಂದು ಗ್ರೂವ್ ಕೆಳಗೆ ಇಳಿಸಿದ್ರೆ ನೀಡಲ್ ಮೇಲೇಳತ್ತೆ, ಪೆಟ್ರೋಲ್ ಜಾಸ್ತಿ ಬರತ್ತೆ, ಮೇಲೆ ಏರಿಸಿದ್ರೆ ಕಮ್ಮಿ. ನಾವು ಓಡಿಸೋ ಹೊತ್ತಲ್ಲಿ ಮುಕ್ಕಾಲು ಪಾಲು ಥ್ರಾಟಲ್ ಮಧ್ಯದಲ್ಲೇ ಇರತ್ತೆ, ಆ ಮಧ್ಯದ ಭಾಗ ಪೂರ್ತಿ ನೀಡಲ್ ಕೈಯಲ್ಲಿ. ಎಲ್ಲರೂ ಮೈನ್ ಜೆಟ್ ನಂಬರ್ ಎಷ್ಟು ಅಂತ ಕೇಳ್ತಾರೆ, ನೀಡಲ್ ಯಾವ ಗ್ರೂವಲ್ಲಿದೆ ಅಂತ ಯಾರೂ ಕೇಳಲ್ಲ.

ಬಿಚ್ಚೋವಾಗ ಒಂದ್ ಮಾತು. ಜಪಾನ್ ಕಾರ್ಬಿನ ಬೌಲ್ (ಕೆಳಗಿನ ಪೆಟ್ರೋಲ್ ಬಟ್ಟಲು) ಸ್ಕ್ರೂಗಳು ನೋಡೋಕೆ ಫಿಲಿಪ್ಸ್ ತರ ಇದ್ರೂ ಅವು ಜೆಐಎಸ್ (ಜಪಾನ್ ಸ್ಟ್ಯಾಂಡರ್ಡ್) ಸ್ಕ್ರೂ. ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದ್ರೆ ತಲೆ ಸವೆದು ಬೋಳಾಗತ್ತೆ. ನನ್ನದ್ರಲ್ಲಿ ನಾಲ್ಕರಲ್ಲಿ ಒಂದು ಹಾಗೇ ಹೋಯ್ತು, ಜೆಐಎಸ್ ಡ್ರೈವರ್ ತಂದ ಮೇಲೆ ಉಳಿದ ಮೂರೂ ಟಕ್ ಅಂತ ಬಿಟ್ಕೊಂಡ್ವು. ಇಂಜಿನ್ ಪೂರ್ತಿ ತಣ್ಣಗಾದ್ಮೇಲೆ, ಗಾಳಿ ಆಡೋ ಕಡೆ, ಬೌಲಿನ ಪೆಟ್ರೋಲ್ ಡಬ್ಬಕ್ಕೆ ಇಳಿಸ್ಕೊಂಡೇ ಕೈ ಹಾಕಿ. ಜೆಟ್ ಕಟ್ಟಿಕೊಂಡಿದ್ರೆ ತಂತಿ ತೂರಿಸ್ಬೇಡಿ, ಹಿತ್ತಾಳೆ ಮೆತ್ತಗಿರತ್ತೆ, ತೂತು ಒಂಚೂರು ದೊಡ್ಡದಾದ್ರೂ ಮೇಲಿರೋ ನಂಬರಿಗೆ ಅರ್ಥ ಇರಲ್ಲ, ಕಾರ್ಬ್ ಕ್ಲೀನರ್ ಮತ್ತೆ ಏರ್ ಸಾಕು.

ಈಗ ಕಂಪ್ಲೇಂಟು. ಆ ಇನ್‌ಸ್ಟ್ರಕ್ಷನ್ ಹಾಳೇಲಿ ಸೈಲೆನ್ಸರ್ ಚೇಂಜ್ ಆಗಿ ಏರ್‌ಬಾಕ್ಸ್ ತೆಗೆದಿದ್ರೆ ಈ ಜೆಟ್ಟು ಅಂತ ಒಂದೇ ನಂಬರ್ ಕೊಟ್ಟಿದಾರೆ, ಅದೂ ಡಬ್ಬದಲ್ಲಿರೋದ್ರಲ್ಲೇ ದೊಡ್ಡದು. ಎಷ್ಟು ಎತ್ತರದ ಜಾಗದಲ್ಲಿ ಓಡಿಸ್ತೀರಿ, ಎಷ್ಟು ಬಿಸಿಲು ಎಷ್ಟು ಚಳಿ ಅನ್ನೋ ಮಾತೇ ಇಲ್ಲ. 300 ಮೀಟರ್ ಮೇಲೆ ಹೋದಂಗೆಲ್ಲ ಗಾಳಿ ಸುಮಾರು 3 ಪರ್ಸೆಂಟ್ ತೆಳುವಾಗ್ತಾ ಹೋಗತ್ತೆ, ಸಮುದ್ರ ಮಟ್ಟದಲ್ಲಿ ಸರಿಯಾಗಿರೋ ಜೆಟ್ಟು ಬೆಟ್ಟದ ಮೇಲೆ ರಿಚ್ (ಪೆಟ್ರೋಲ್ ಜಾಸ್ತಿ) ಆಗೇ ಆಗತ್ತೆ, ಇಷ್ಟನ್ನಾದ್ರೂ ಬರೀಬೇಕಿತ್ತಲ್ವಾ. ಅವರು ಹೇಳಿದ್ದೇ ಹಾಕ್ದೆ, ಫುಲ್ ಥ್ರಾಟಲಲ್ಲಿ ಗಾಡಿ ಬುಡುಬುಡು ಅಂತ ಮಿಸ್ಸಿಂಗು, ಪ್ಲಗ್ ಬಿಚ್ಚಿ ನೋಡಿದ್ರೆ ಮಸಿ ಬಳಿದ ಹಾಗೆ ಕಪ್ಪು, ಬೆರಳಿಗೆ ಪುಡಿ ಅಂಟೋದು. ಎರಡು ಸೈಜ್ ಕೆಳಗೆ ಬಂದ್ಮೇಲೆ ಸರಿ ಹೋಯ್ತು. ಜೆಟ್ ಹುಡುಕ್ಕೊಂಡು ಹೋಗೋರು ಇನ್ನೊಂದು ನೆನಪಿಡಿ, ಇನ್ನೊಂದು ಕಾರ್ಬ್ ಕಂಪನಿ ಕೈಹಿನ್ ನಂಬರ್ರೇ ಬೇರೆ ಮಿಕುನಿ ನಂಬರ್ರೇ ಬೇರೆ, ಅದೇ ನಂಬರ್ ಇದೆ ಅಂತ ಅದ್ರದ್ದು ಇದಕ್ಕೆ ಹಾಕ್ಬೇಡಿ.

ನಾನು ಟ್ಯೂನ್ ಮಾಡಿದ್ದು ಹೀಗೆ. ಹೆಬ್ಬೆರಳ ಥ್ರಾಟಲ್ ಪಕ್ಕ ಪೇಪರ್ ಟೇಪ್ ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಅಂತ ಪೆನ್ನಲ್ಲಿ ಗೆರೆ ಹಾಕ್ದೆ. ನಿಜವಾಗ್ಲೂ ಎಲ್ಲಿ ಒತ್ತಿದಾಗ ತೊಂದ್ರೆ ಆಗ್ತಿದೆ ಅಂತ ಆ ಗೆರೆ ಇಲ್ದೆ ಗೊತ್ತಾಗಲ್ಲ, ಅರ್ಧ ಅಂದ್ಕೊಂಡಿರೋದು ಕಾಲೇ ಆಗಿರತ್ತೆ. ಮೊದಲು ಮುಕ್ಕಾಲಿಂದ ಫುಲ್‌ವರೆಗೆ ಮೈನ್ ಜೆಟ್, ಯಾಕಂದ್ರೆ ನೀಡಲ್ ದಾಟಿ ಬರೋ ಪೆಟ್ರೋಲೂ ಮೈನ್ ಜೆಟ್ ಮೂಲಕಾನೇ ಬರೋದು, ಅದು ತಪ್ಪಿದ್ರೆ ಮಧ್ಯದ್ದೂ ತಪ್ಪತ್ತೆ. ಆಮೇಲೆ ನೀಡಲ್ಲು. ಕೊನೇಗೆ ಕಾಲು ಥ್ರಾಟಲ್ ಒಳಗಿಂದು, ಅಂದ್ರೆ ಪೈಲಟ್ ಜೆಟ್ಟು ಮತ್ತೆ ಫ್ಯುಯೆಲ್ ಸ್ಕ್ರೂ. ಈ ಕಾರ್ಬಲ್ಲಿ ಸ್ಕ್ರೂ ಇಂಜಿನ್ ಕಡೆಗಿದೆ, ಹಾಗಾಗಿ ಹೊರಗೆ ತಿರುಗಿಸಿದ್ರೆ ರಿಚ್ಚು. ಏರ್‌ಬಾಕ್ಸ್ ಕಡೆ ಏರ್ ಸ್ಕ್ರೂ ಇರೋ ಕಾರ್ಬುಗಳಲ್ಲಿ ಇದು ಪೂರ್ತಿ ಉಲ್ಟಾ, ಇದನ್ನೂ ಆ ಹಾಳೇಲಿ ಬರ್ದಿಲ್ಲ. ಒಂದು ಸಲಕ್ಕೆ ಒಂದೇ ಚೇಂಜು, ಬರ್ಕೊಳ್ಳೋದು, ಓಡಿಸೋದು, ಮತ್ತೆ ಬಿಚ್ಚೋದು.

ಮಧ್ಯದಲ್ಲಿ ಎರಡು ದಿನ ಸುಮ್ನೆ ಹಾಳಾಯ್ತು. ಅರ್ಧ ಥ್ರಾಟಲ್ ಆದ್ಮೇಲೆ ಗಾಡಿ ಮೇಲೇಳ್ತಾನೇ ಇರ್ಲಿಲ್ಲ, ನೀಡಲ್ ಏರಿಸ್ದೆ ಇಳಿಸ್ದೆ, ಮೈನ್ ಬದಲಾಯಿಸ್ದೆ, ಏನೂ ಇಲ್ಲ. ಕೊನೇಗೆ ಮೇಲಿನ ಕ್ಯಾಪ್ ತೆಗೆದು ನೋಡಿದ್ರೆ ಡಯಾಫ್ರಾಮ್ ರಬ್ಬರಿನ ಅಂಚು ಒಂದು ಕಡೆ ಗ್ರೂವಿಂದ ಜಾರಿ ಕ್ಯಾಪಿನ ಕೆಳಗೆ ಸಿಕ್ಕಾಕ್ಕೊಂಡು ಚಪ್ಪಟೆಯಾಗಿತ್ತು. ಈ ತರದ ಸಿವಿ ಕಾರ್ಬಲ್ಲಿ ಸ್ಲೈಡ್ ಎತ್ತೋದು ಕೇಬಲ್ ಅಲ್ಲ, ವ್ಯಾಕ್ಯೂಮು. ಅಲ್ಲಿ ಲೀಕ್ ಆದ್ರೆ ಸ್ಲೈಡ್ ಏಳಲ್ಲ, ನೀವು ಯಾವ ಜೆಟ್ ಹಾಕಿದ್ರೂ ಅಷ್ಟೇ. ಪುಣ್ಯಕ್ಕೆ ರಬ್ಬರ್ ಹರಿದಿರ್ಲಿಲ್ಲ. ಈಗ ಸ್ಲೈಡನ್ನ ಕೆಳಗಿಂದ ಬೆರಳಲ್ಲಿ ಸ್ವಲ್ಪ ಎತ್ತಿ ಹಿಡ್ಕೊಂಡು, ಅಂಚು ಸುತ್ತಲೂ ಕೂತಿದೆಯಾ ಅಂತ ನೋಡಿ ಆಮೇಲೆ ಕ್ಯಾಪ್ ಹಾಕ್ತೀನಿ.

ಕಿಟ್ ಜೊತೆ ಬರೋ ಡ್ರಿಲ್ ಬಿಟ್‌ಗಳಲ್ಲಿ ಒಂದು ಫ್ಯುಯೆಲ್ ಸ್ಕ್ರೂ ಮೇಲೆ ಫ್ಯಾಕ್ಟರಿಯವರು ಹೊಡೆದಿರೋ ಮುಚ್ಚಳ ತೆಗೆಯೋಕೆ, ಅದು ಬೇಕು, ಆದ್ರೆ ಒಳಗಿರೋ ಸ್ಕ್ರೂ ತಲೆಗೆ ತಾಗದ ಹಾಗೆ ನಿಧಾನಕ್ಕೆ. ಇನ್ನೊಂದು ಸ್ಲೈಡಿನ ತೂತು ದೊಡ್ಡದು ಮಾಡೋಕೆ, ಸ್ಲೈಡ್ ಬೇಗ ಏಳ್ಲಿ ಅಂತ. ಅದನ್ನ ನಾನು ಮುಟ್ಲಿಲ್ಲ. ಒಂದು ಸಲ ಕೊರೆದ್ರೆ ವಾಪಸ್ ಇಲ್ಲ, ಹೊಸ ಸ್ಲೈಡೇ ತರ್ಬೇಕು. ಸ್ಟಾಕ್ ತೂತಲ್ಲೇ ಪಿಕಪ್ ಚೆನ್ನಾಗಿದೆ ನನಗೆ.

ಇಂಜಿನ್ ಮಾಡಿಫಿಕೇಶನ್ ಬಗ್ಗೆ ಸುಮಾರು ಜನ ಕೇಳ್ತಾರೆ, ನೇರ 434 ಬಿಗ್ ಬೋರ್ ಹಾಕಿಸ್ಲಾ ಅಂತ. ಸ್ಟಾಕ್ ಬೋರ್, ಅಂದ್ರೆ ಸಿಲಿಂಡರ್ ಒಳ ಅಗಲ, 90 ಎಂಎಂ, ಸ್ಟ್ರೋಕ್ 62.6, ಬೋರ್ 94 ಮಾಡಿದ್ರೆ 398 ಸಿಸಿ ಇದ್ದಿದ್ದು 434 ಆಗತ್ತೆ. ಆದ್ರೆ ಸುಜುಕಿ ಸಿಲಿಂಡರ್ ಒಳಗೆ ಪ್ಲೇಟಿಂಗ್ ಇರತ್ತೆ, ಹಳೇ ಕಬ್ಬಿಣದ ಸ್ಲೀವ್ ತರ ಬೋರ್ ಹೊಡ್ಸಿ ಪಿಸ್ಟನ್ ಹಾಕ್ಕೊಂಡು ಬರೋಕಾಗಲ್ಲ, ಬೋರ್ ಆದ್ಮೇಲೆ ರೀಪ್ಲೇಟಿಂಗ್ ಇಲ್ಲಾ ಸ್ಲೀವ್ ಬೇಕೇ ಬೇಕು. ಕಾರ್ಬು ಸರಿ ಮಾಡ್ದೆ ಅದಕ್ಕೆ ಕೈ ಹಾಕೋದು ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂ ಅನ್ನೋ ಹಾಗೆ, ದೊಡ್ಡ ಇಂಜಿನ್ ಇನ್ನೂ ಜಾಸ್ತಿ ಪೆಟ್ರೋಲ್ ಕೇಳತ್ತೆ, ಕೊಡೋರು ಯಾರು. ನಾನು ಜೆಟ್ಟಿಂಗ್ ಪೂರ್ತಿ ಕೂತ್ಮೇಲೆ ಬೋರ್ ಹಾಗೇ ಬಿಟ್ಟು 11.3 ಇದ್ದ ಕಂಪ್ರೆಷನ್ನಿಗೆ 13.5ರ ಪಿಸ್ಟನ್ ಹಾಕ್ದೆ, ರಿಂಗ್ ಗ್ಯಾಪ್ ಪಿಸ್ಟನ್ ಜೊತೆ ಬಂದ ಹಾಳೆ ನೋಡಿ ಫೀಲರ್ ಗೇಜಲ್ಲಿ ಅಳೆದು ಕೂರಿಸಿದ್ದು. ಕೆಳಗಿನ ಎಳೆತ ಚೆನ್ನಾಗಿ ಬಂತು, ಆದ್ರೆ ಇನ್ಮೇಲೆ ಹೈ ಆಕ್ಟೇನ್ ಪೆಟ್ರೋಲೇ ಗತಿ, ಸಾದಾ ಪೆಟ್ರೋಲ್ ಹಾಕಿದ್ರೆ ನಾಕಿಂಗು. ಪಿಸ್ಟನ್ ಹಾಕಿದ್ಮೇಲೂ ಡಬ್ಬದಲ್ಲಿ ಉಳಿದಿದ್ದ ಜೆಟ್ಟುಗಳು ಕೆಲಸಕ್ಕೆ ಬಂದ್ವು, ಮೈನ್ ಒಂದು ಸೈಜ್ ಮೇಲೆ ಹೋಗ್ಬೇಕಾಯ್ತು.

ಈಗಿನ ಅನ್‌ಲೆಡೆಡ್ ಪೆಟ್ರೋಲಲ್ಲಿ ಪ್ಲಗ್ ಬಣ್ಣ ಬೇಗ ಬರಲ್ಲ, ಬರೀ ಪ್ಲಗ್ ನೋಡಿ ಮಿಕ್ಸ್ಚರ್ ಸರಿ ಇದೆ ಅಂತ ನಂಬೋಕಾಗಲ್ಲ. ಆ ಅನುಮಾನಕ್ಕೇ ಎಕ್ಸಾಸ್ಟ್ ಪೈಪಿಗೆ ವೈಡ್‌ಬ್ಯಾಂಡ್ ಸೆನ್ಸರ್ ಕೂರಿಸ್ಕೊಂಡು ನೋಡ್ದೆ, ಫುಲ್ ಥ್ರಾಟಲಲ್ಲಿ 13ರ ಆಸುಪಾಸು (ಒಂದು ಪಾಲು ಪೆಟ್ರೋಲಿಗೆ 13 ಪಾಲು ಗಾಳಿ) ತೋರಿಸ್ತು, ನನಗೆ ಬೇಕಾಗಿದ್ದೂ ಅದೇ.

ಐದಕ್ಕೆ ಮೂರೂವರೆ ಕೊಡ್ತೀನಿ. ಜೆಟ್ಟು ನೀಡಲ್ ಕ್ವಾಲಿಟಿಗೆ ಪೂರ್ತಿ ಮಾರ್ಕ್ಸು, ಕಟ್ ಮಾಡಿದ್ದು ಆ ಹಾಳೆಗೆ. ಏರ್‌ಬಾಕ್ಸು ಸೈಲೆನ್ಸರ್ರು ಸ್ಟಾಕ್ ಇದ್ರೆ ತಗೋಬೇಡಿ, ಏನೂ ಲಾಭ ಇಲ್ಲ. ನನ್ನ ಗಾಡೀಲಿ ಈಗಿರೋದು ಡಬ್ಬದ ಎರಡನೇ ದೊಡ್ಡ ಮೈನ್ ಜೆಟ್ಟು, ನೀಡಲ್ ಮೇಲಿಂದ ಮೂರನೇ ಗ್ರೂವು, ಫ್ಯುಯೆಲ್ ಸ್ಕ್ರೂ ಎರಡೂಕಾಲು ಸುತ್ತು ಹೊರಗೆ, ತಣ್ಣಗಿರೋ ಬೆಳಿಗ್ಗೆಗಳಲ್ಲಿ ಕಾಲು ಸುತ್ತು ಜಾಸ್ತಿ ಬಿಟ್ಕೋತೀನಿ.