ಯಾವ ಎರಡೆಲೆ ಆಡಬೇಕು: ಗುಂಪಿನ ಪಟ್ಟಿಯೋ, ಅಂಕದ ಲೆಕ್ಕವೋ, ಕುರ್ಚಿಯ ಚೀಟಿಯೋ

ಸತತ ಐದು ಶನಿವಾರ ಆರು ಮಂದಿಯ ಊಟದ ಬಿಲ್ಲನ್ನು ನಾನೊಬ್ಬನೇ ಕೊಟ್ಟ ಮೇಲೆ, ಪೋಕರ್‌ನಲ್ಲಿ ನನ್ನ ತಪ್ಪು ಆಟದ ಕೊನೆಯ ಸುತ್ತಿನಲ್ಲಿಲ್ಲ, ಮೊದಲ ಎರಡೆಲೆ ಕೈಗೆ ಬಂದ ಗಳಿಗೆಯಲ್ಲೇ ಇದೆ ಎಂದು ಒಪ್ಪಿಕೊಳ್ಳಬೇಕಾಯಿತು. ನಾವು ಆಡುವುದು ಟೆಕ್ಸಾಸ್ ಹೋಲ್ಡೆಮ್ (ಕೈಗೆ ಎರಡೆಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದೆಲೆ), ಬೆಂಗಳೂರಿನ ಗೆಳೆಯನೊಬ್ಬನ ಮನೆಯ ಊಟದ ಮೇಜಿನ ಮೇಲೆ, ತಲಾ 200 ಹುಣಸೆಬೀಜ ಇಟ್ಟುಕೊಂಡು. ಬ್ಲೈಂಡ್, ಅಂದರೆ ಎಲೆ ನೋಡುವ ಮೊದಲೇ ಇಬ್ಬರು ಇಡಲೇಬೇಕಾದ ಪಣ, ಒಂದು ಬೀಜ ಮತ್ತು ಎರಡು ಬೀಜ. ಮೊದಲು ಬೀಜ ಖಾಲಿ ಮಾಡಿಕೊಂಡವರು ಎಲ್ಲರಿಗೂ ಊಟ ತರಿಸಬೇಕು. ಯಾವ ಎಲೆ ಆಡಬೇಕು, ಯಾವುದನ್ನು ಕೆಳಗಿಡಬೇಕು ಎಂದು ತೀರ್ಮಾನಿಸುವ ಮೂರು ವಿಧಾನಗಳನ್ನು ಅಂದಿನಿಂದ ಒಂದಾದ ಮೇಲೊಂದರಂತೆ ಪ್ರಯತ್ನಿಸಿದೆ. ಈಗ ಜೇಬಿನಲ್ಲಿ ಉಳಿದಿರುವುದು ಮೂರನೆಯದು, ಅಂದರೆ ಕುರ್ಚಿಯ ಚೀಟಿ. ಆದ್ದರಿಂದ ಈ ಹೋಲಿಕೆ ಪಕ್ಷಪಾತದ್ದು ಎಂದು ಮೊದಲೇ ಹೇಳಿಬಿಡುತ್ತೇನೆ.

ನನ್ನ ಕೈ ರಮ್ಮಿಯಲ್ಲಿ ಪಳಗಿದ್ದು ಎಂಬುದನ್ನೂ ಹೇಳಬೇಕು. ಒಂದೇ ಜಾತಿಯ ಏಳು-ಎಂಟು ಒಟ್ಟಿಗೆ ಬಂದರೆ ರಮ್ಮಿಯವನಿಗೆ ಅರ್ಧ ಸೀಕ್ವೆನ್ಸ್ ಆಗಲೇ ಕೈಯಲ್ಲಿದ್ದಂತೆ ಅನ್ನಿಸುತ್ತದೆ, ಏಕೆಂದರೆ ಅಲ್ಲಿ ಬೇಡದ ಎಲೆ ಎಸೆದು ಬೇಕಾದದ್ದನ್ನು ಎಳೆದುಕೊಳ್ಳಬಹುದು. ಹೋಲ್ಡೆಮ್‌ನಲ್ಲಿ ಕೈಯ ಎರಡೆಲೆ ಕೊನೆಯವರೆಗೂ ಅವೇ. ಒಂದೇ ಜಾತಿಯ ಎರಡೆಲೆಗೆ ಫ್ಲಾಪ್‌ನಲ್ಲೇ (ಮೇಜಿನ ಮೇಲೆ ಬೀಳುವ ಮೊದಲ ಮೂರೆಲೆಯಲ್ಲೇ) ಫ್ಲಷ್, ಅಂದರೆ ಒಂದೇ ಜಾತಿಯ ಐದೆಲೆ, ಆಗುವುದು ನೂರು ಸಲದಲ್ಲಿ ಒಂದು ಸಲವೂ ಇಲ್ಲ. ಇನ್ನೊಂದು ಕೆಟ್ಟ ಅಭ್ಯಾಸವೂ ಅಲ್ಲಿಂದಲೇ ಬಂದದ್ದು: ರಮ್ಮಿಯಲ್ಲಿ ಮೊದಲಲ್ಲೇ ಡ್ರಾಪ್ ಆದರೆ 20 ಪಾಯಿಂಟ್ ದಂಡ ಬೀಳುವುದರಿಂದ, ಬ್ಲೈಂಡ್ ಬಿಟ್ಟರೆ ಬೇರೇನೂ ಖರ್ಚಿಲ್ಲದ ಪೋಕರ್‌ನಲ್ಲೂ ಎಲೆ ಕೆಳಗಿಡಲು ನನಗೆ ಮನಸ್ಸು ಬರುತ್ತಿರಲಿಲ್ಲ.

ಮೊದಲು ಹಿಡಿದದ್ದು ಪೋಕರ್ ಪುಸ್ತಕಗಳ ಲೇಖಕರಾದ ಡೇವಿಡ್ ಸ್ಕ್ಲಾನ್‌ಸ್ಕಿ ಮತ್ತು ಮೇಸನ್ ಮಾಲ್ಮತ್ ಅವರ ಎಂಟು ಗುಂಪುಗಳ ಪಟ್ಟಿ. ದೊಡ್ಡ ಜೋಡಿಗಳು ಮತ್ತು ಒಂದೇ ಜಾತಿಯ ಎಕ್ಕ-ರಾಜ ಮೊದಲ ಗುಂಪಿನಲ್ಲಿವೆ. ಬೇರೆ ಜಾತಿಯ ಎಕ್ಕ-ರಾಜ ಎರಡನೆಯದರಲ್ಲಿದೆ. ಎರಡು ವಾರ ಬಸ್ಸಿನಲ್ಲಿ ಕೂತು ಬಾಯಿಪಾಠ ಮಾಡಿದರೂ ನಾಲ್ಕನೆಯ ಮತ್ತು ಐದನೆಯ ಗುಂಪುಗಳು ಕಲಸಿಹೋಗುತ್ತಿದ್ದವು. ಅದಕ್ಕಿಂತ ಮುಖ್ಯವಾಗಿ, ಈ ಪಟ್ಟಿ ಪ್ರತಿ ಸುತ್ತಿನ ಪಣಕ್ಕೆ ಮಿತಿಯಿರುವ ಆಟಕ್ಕಾಗಿ ರೂಪಿಸಿದ್ದು. ನಮ್ಮ ಮೇಜಿನಲ್ಲಿ ಒಂದೇ ಕೈಗೆ 200 ಬೀಜವೂ ಹೋಗಬಹುದು. ಹಾಗಾಗಿ ಅದನ್ನು ಬಿಟ್ಟೆ.

ಎರಡನೆಯದು ಗಣಿತಜ್ಞ, ಪೋಕರ್ ಆಟಗಾರ ಬಿಲ್ ಚೆನ್ ಅವರ ಅಂಕದ ಲೆಕ್ಕ, ನೋಡಿದೊಡನೆ ಮನಸೋತದ್ದು ಇದಕ್ಕೇ. ಎರಡರಲ್ಲಿ ದೊಡ್ಡ ಎಲೆಗೆ ಅಂಕ: ಎಕ್ಕಕ್ಕೆ 10, ರಾಜನಿಗೆ 8, ರಾಣಿಗೆ 7, ಗುಲಾಮನಿಗೆ 6, ಹತ್ತರಿಂದ ಕೆಳಗಿನವಕ್ಕೆ ಮುಖಬೆಲೆಯ ಅರ್ಧ. ಜೋಡಿಯಾದರೆ ದುಪ್ಪಟ್ಟು, ಕನಿಷ್ಠ 5. ಒಂದೇ ಜಾತಿಯಾದರೆ 2 ಕೂಡಿಸಬೇಕು. ನಡುವೆ ಒಂದೆಲೆಯ ಅಂತರವಿದ್ದರೆ 1, ಎರಡಿದ್ದರೆ 2, ಮೂರಿದ್ದರೆ 4, ಅದಕ್ಕೂ ಹೆಚ್ಚಿದ್ದರೆ 5 ಕಳೆಯಬೇಕು. ಎರಡೂ ರಾಣಿಗಿಂತ ಚಿಕ್ಕವಾಗಿ, ಒತ್ತಿಗಿದ್ದರೆ ಅಥವಾ ಒಂದೇ ಅಂತರವಿದ್ದರೆ 1 ಕೂಡಿಸಬೇಕು, ಕೊನೆಗೆ ಅರ್ಧ ಉಳಿದರೆ ಮೇಲಕ್ಕೆ ಏರಿಸಬೇಕು. ಏಳು ಅಂಕ ಬಂದರೆ ಆಡುವುದು ಎಂದು ನಾನೇ ಮಿತಿ ಹಾಕಿಕೊಂಡೆ.

ತೊಂದರೆ ಶುರುವಾದದ್ದು ಎಣಿಕೆಯಿಂದ. ನನಗೆ ಬೆರಳ ಗೆಣ್ಣು ಮುಟ್ಟದೆ ಲೆಕ್ಕ ಬರುವುದಿಲ್ಲ. ಎಕ್ಕ-ಹತ್ತು ಬಂದರೆ ರಾಜ, ರಾಣಿ, ಗುಲಾಮ ಎಂದು ಹೆಬ್ಬೆರಳು ಮೂರು ಗೆಣ್ಣು ದಾಟಿದ ಮೇಲೆಯೇ 4 ಕಳೆಯಬೇಕೆಂದು ಹೊಳೆಯುತ್ತಿತ್ತು. ಜೋಡಿ ಬಂದರೆ ಮಾತ್ರ ಎಣಿಸುವುದೇನೂ ಇರಲಿಲ್ಲ. ಮೂರನೆಯ ವಾರ ರಾಣಿಯ ಜೋಡಿ ಹಿಡಿದು ತಟ್ಟನೆ ರೇಸ್ ಮಾಡಿ, ಅಂದರೆ ಪಣ ಏರಿಸಿ, ಎಂಟು ಬೀಜ ಮುಂದಿಟ್ಟಾಗ ಎದುರಿಗೆ ಕೂತಿದ್ದ ಗೆಳತಿ, "ಗೆಣ್ಣು ಎಣಿಸದೆ ರೇಸ್ ಮಾಡಿದಾನೆ ಕಣ್ರೋ, ಜೋಡಿ ಇದೆ, ಬಿಟ್ಬಿಡಿ" ಎಂದಳು. ಐವರೂ ಎಲೆ ಕೆಳಗಿಟ್ಟರು. ಆ ಕೈಯಲ್ಲಿ ನನಗೆ ಸಿಕ್ಕಿದ್ದು ಬ್ಲೈಂಡಿನ ಮೂರು ಬೀಜ.

ಅದಾದ ಮೇಲೆ ಕೈಯನ್ನು ಮೇಜಿನ ಕೆಳಗಿಟ್ಟು ಎಣಿಸಿದೆ, ಆಗ ತುಟಿ ಅಲುಗುತ್ತಿತ್ತಂತೆ. ಜೋಡಿ ಬಂದಾಗಲೂ ಸುಮ್ಮನೆ ಗೆಣ್ಣು ಮುಟ್ಟುವ ನಾಟಕವನ್ನೂ ಆಡಿ ನೋಡಿದೆ, ಆದರೆ ನಾಟಕದ ಎಣಿಕೆ ನಿಜವಾದದ್ದಕ್ಕಿಂತ ಬೇಗ ಮುಗಿಯುತ್ತದೆಂದು ಅದೇ ಗೆಳತಿ ಕಂಡುಹಿಡಿದಳು. ಒಟ್ಟು 169 ಬಗೆಯ ಕೈಗಳ ಅಂಕವನ್ನು ಮನೆಯಲ್ಲೇ ಬಾಯಿಪಾಠ ಮಾಡಿಕೊಂಡು ಬರಬಹುದಿತ್ತು, ನಿಜ. ಆದರೆ ಬಾಯಿಪಾಠ ತಪ್ಪಲೆಂದೇ ಅಲ್ಲವೇ ನಾನು ಸೂತ್ರಕ್ಕೆ ಬಂದದ್ದು?

ಇನ್ನೂ ಆಳದ ದೋಷ ಏಳು ಎಂಬ ಆ ಅಂಕದಲ್ಲೇ ಇತ್ತು. ಏಳರ ಜೋಡಿಗೆ 7. ಒಂದೇ ಜಾತಿಯ ಏಳು-ಆರಕ್ಕೆ ಮೂರೂವರೆ, ಎರಡು, ಒಂದು ಸೇರಿ ಆರೂವರೆ, ಅಂದರೆ 7. ಒಂದೇ ಜಾತಿಯ ಎಕ್ಕ-ಎರಡಕ್ಕೂ 7. ಬೇರೆ ಜಾತಿಯ ರಾಜ-ಗುಲಾಮನಿಗೂ 7. ಈ ನಾಲ್ಕೂ ಗೆಲ್ಲುವ ದಾರಿಗಳು ಬೇರೆ ಬೇರೆ, ಸೋತಾಗ ತೆರುವ ಬೆಲೆಯೂ ಬೇರೆ. ಎಲ್ಲರಿಗಿಂತ ಮೊದಲು ಮಾತಾಡಬೇಕಾದ ಕುರ್ಚಿಯಿಂದ ರಾಜ-ಗುಲಾಮ ರೇಸ್ ಮಾಡಿದ ದಿನ ಫ್ಲಾಪ್‌ನಲ್ಲಿ ರಾಜ, ಏಳು, ಎರಡು ಬಿದ್ದವು. ರಾಜನ ಜೋಡಿಯಾಯಿತೆಂದು ಹಿಗ್ಗಿ ಬೀಜ ಸುರಿಯುತ್ತಾ ಹೋದೆ. ಬಟನ್‌ನಲ್ಲಿದ್ದವನ, ಅಂದರೆ ಎಲೆ ಹಂಚುವವನ ಜಾಗದಲ್ಲಿ ಕೂತವನ, ಕೈಯಲ್ಲಿ ಎಕ್ಕ-ರಾಜ ಇತ್ತು. ಜೋಡಿ ಇಬ್ಬರದೂ ಒಂದೇ, ಪಕ್ಕದ ಎಲೆ ಅವನದು ದೊಡ್ಡದು. ರಾಜ-ಗುಲಾಮ ಎಕ್ಕ-ರಾಜನಿಗೆ ಎದುರಾದರೆ ಹೆಚ್ಚೂಕಡಿಮೆ ನಾಲ್ಕರಲ್ಲಿ ಮೂರು ಸಲ ಸೋಲುತ್ತದೆ. ಆ ರಾತ್ರಿ ಊಟ ತರಿಸಿದ್ದು ನಾನೇ.

ಕುರ್ಚಿಯ ಚೀಟಿ ಎಲೆಗಿಂತ ಮೊದಲು ನೀವು ಎಲ್ಲಿ ಕೂತಿದ್ದೀರಿ ಎಂದು ಕೇಳುತ್ತದೆ. ಬಿಗ್ ಬ್ಲೈಂಡಿನ (ಎರಡು ಬೀಜ ಇಟ್ಟವನ) ಎಡಕ್ಕೆ ಕೂತು ಮೊದಲು ಮಾತಾಡುವವನ ಹಿಂದೆ ಇನ್ನೂ ಐವರಿದ್ದಾರೆ. ಬಟನ್‌ನಲ್ಲಿರುವವನು ಫ್ಲಾಪ್ ಆದ ಮೇಲೆ ಪ್ರತಿ ಸುತ್ತಿನಲ್ಲೂ ಎಲ್ಲರ ನಡೆ ನೋಡಿ ಕೊನೆಗೆ ಆಡುತ್ತಾನೆ. ಅದಕ್ಕೇ ನನ್ನ ಚೀಟಿಯ ಮೊದಲ ಕುರ್ಚಿಯಲ್ಲಿ ಏಳರಿಂದ ಮೇಲಿನ ಜೋಡಿಗಳು, ಯಾವ ಜಾತಿಯದಾದರೂ ಎಕ್ಕ-ರಾಜ ಮತ್ತು ಎಕ್ಕ-ರಾಣಿ, ಒಂದೇ ಜಾತಿಯ ಎಕ್ಕ-ಗುಲಾಮ, ಎಕ್ಕ-ಹತ್ತು, ರಾಜ-ರಾಣಿ, ಇಷ್ಟೇ ಇವೆ. ಒಟ್ಟು 1326 ಸಂಯೋಜನೆಗಳಲ್ಲಿ ಇವು 92, ನೂರಕ್ಕೆ 7. ಬಟನ್‌ಗೆ ಬಂದರೆ ಎಲ್ಲ ಜೋಡಿಗಳು, ಒಂದೇ ಜಾತಿಯ ಎಲ್ಲ ಎಕ್ಕಗಳು, ಬೇರೆ ಜಾತಿಯಾದರೆ ಎಕ್ಕ-ಏಳರವರೆಗೆ, ಹತ್ತು ಮತ್ತು ಅದಕ್ಕಿಂತ ದೊಡ್ಡ ಯಾವ ಎರಡೆಲೆಯಾದರೂ, ಜೊತೆಗೆ ಹತ್ತು-ಒಂಬತ್ತರಿಂದ ಐದು-ನಾಲ್ಕರವರೆಗಿನ ಒಂದೇ ಜಾತಿಯ ಒತ್ತಿನ ಎಲೆಗಳು. ಇವು 330, ಸುಮಾರು ಕಾಲು ಭಾಗ. ರಾಜ-ಗುಲಾಮ ಬಟನ್‌ನಲ್ಲಿದೆ, ಮೊದಲ ಕುರ್ಚಿಯಲ್ಲಿಲ್ಲ.

ಪರಿಣತರು ಇದನ್ನು ಬಿಗಿಯೆನ್ನಬಹುದು. ಆದರೆ ನಾವು ಆಡುವುದು ಎರಡು ತಾಸು, ಐವತ್ತು ಕೈ ಆದರೆ ಹೆಚ್ಚು. ಇಡೀ ವಾರ ಕಚೇರಿಯಲ್ಲಿ ಅಂಕಿಗಳೊಂದಿಗೆ ಗುದ್ದಾಡಿ ಬಂದವನಿಗೆ ಮೇಜಿನಲ್ಲಿ ಮತ್ತೆ ಕೂಡಿ ಕಳೆಯುವ ತಾಳ್ಮೆಯಿಲ್ಲ, ಹರಟೆಯೂ ಬೇಕು. ಖರ್ಚು ಝೆರಾಕ್ಸ್ ಅಂಗಡಿಯ ಲ್ಯಾಮಿನೇಷನ್ನಿಗೆ ಕೊಟ್ಟ 20 ರೂಪಾಯಿ. ಚೀಟಿ ಹಿಡಿದ ಮೇಲೆ ಎರಡೇ ಸಲ ಊಟ ತರಿಸಿದ್ದೇನೆ. ದಿನವೂ ಗಂಟೆಗಟ್ಟಲೆ ಆಡುವವರು, ಮುಖದ ಮೇಲೆ ಹಿಡಿತವಿರುವವರು ಚೆನ್ ಲೆಕ್ಕದಿಂದ ಶುರುಮಾಡಿದರೆ ನನ್ನ ತಕರಾರಿಲ್ಲ.

ಲ್ಯಾಮಿನೇಷನ್ ಮಾತ್ರ ಅವಸರದ್ದಾಯಿತು. ನಮ್ಮ ಮೇಜಿನಲ್ಲಿ ಮೂವರು ಪಣ ಏರಿಸದೆ ಸುಮ್ಮನೆ ಕಾಲ್ ಮಾಡಿ, ಅಂದರೆ ಇದ್ದಷ್ಟೇ ಪಣ ಇಟ್ಟು, ಒಳಬರುವುದು ಮಾಮೂಲು. ಆಗ ಏನು ಮಾಡಬೇಕೆಂದು ಚೀಟಿಯಲ್ಲಿಲ್ಲ. ಚಿಕ್ಕ ಜೋಡಿಗೆ ಫ್ಲಾಪ್‌ನಲ್ಲಿ ಅದೇ ಅಂಕಿಯ ಮೂರನೆಯ ಎಲೆ ಸಿಗುವುದು ಎಂಟೂವರೆ ಸಲಕ್ಕೊಮ್ಮೆ, ಆದ್ದರಿಂದ ಒಳಗೆ ಜನ ಹೆಚ್ಚಿದ್ದು ಎರಡೇ ಬೀಜಕ್ಕೆ ನೋಡಲು ಸಿಕ್ಕರೆ ಯಾವ ಕುರ್ಚಿಯಿಂದಲಾದರೂ ನೋಡಬಹುದು ಎಂಬ ಸಾಲನ್ನು ಸೇರಿಸಬೇಕಿತ್ತು. ಪ್ಲಾಸ್ಟಿಕ್ಕಿನ ಮೇಲೆ ಪೆನ್ಸಿಲ್ ಹತ್ತಲಿಲ್ಲ. ಮಗಳ ಮಾರ್ಕರ್‌ನಲ್ಲಿ ಬರೆದಿದ್ದೇನೆ, ವಾರಕ್ಕೊಮ್ಮೆ ಅಳಿಸಿಹೋಗುತ್ತದೆ, ಮತ್ತೆ ಬರೆಯುತ್ತೇನೆ.